ಹೋರಿ ಮೆರೆಯಿತು, ಇನ್ನು ಹಸುವನ್ನೂ ಜಾತ್ರೆಗೆ ಕರೆತನ್ನಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಹಳ್ಳಿಕಾರ್ ದನ ಕಟ್ಟುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಬಹಿರಂಗ ಪತ್ರ



ಹೇಮಗಿರಿಯ ದನದ ಜಾತ್ರೆ, ಬೇಬಿಬೆಟ್ಟದ ದನದ ಜಾತ್ರೆ ಇನ್ನು ಮುಗಿದ ಹಾಗೆಯೇ ಎಂದು ನಮ್ಮ ಹಿರಿಯರು ಕೈಚೆಲ್ಲಿ ಕೂತಿದ್ದ ಕಾಲ ಬಹಳ ಹಿಂದಿನದೇನಲ್ಲ. ಉಳುವುದಕ್ಕೆ ಟ್ರ್ಯಾಕ್ಟರ್ ಬಂತು, ಗದ್ದೆಗೆ ಟಿಲ್ಲರ್ ಇಳಿಯಿತು, ಕೊಟ್ಟಿಗೆಗೆ ಎಚ್‌ಎಫ್ ಹಸು ಬಂತು. ಎತ್ತು ಕಟ್ಟಿಕೊಂಡು ಏನು ಮಾಡೋದು ಎನ್ನುವ ಮಾತಿಗೆ ಯಾರ ಬಳಿಯೂ ಉತ್ತರ ಇರಲಿಲ್ಲ. ಉತ್ತರ ಕೊಟ್ಟವರು ನೀವು. ಡಿಗ್ರಿ ಓದುತ್ತಲೇ, ಬೆಂಗಳೂರು ಮೈಸೂರಿನ ಕೆಲಸಕ್ಕೆ ಓಡಾಡುತ್ತಲೇ ಹೋರಿಕರು ತಂದು ಕಟ್ಟಿದಿರಿ. ಹುರುಳಿ ಬೇಯಿಸಿ ಹಾಕಿದಿರಿ, ಮೈ ತಿಕ್ಕಿದಿರಿ, ಕೊಂಬು ಹೆರೆಸಿದಿರಿ, ತಮಟೆ ಬಡಿಸಿಕೊಂಡು ಜಾತ್ರೆಮಾಳಕ್ಕೆ ಹೊಡೆದುಕೊಂಡು ಬಂದಿರಿ. ಕಳೆಗುಂದಿದ್ದ ಮಾಳದಲ್ಲಿ ಮತ್ತೆ ಚಪ್ಪರ ಎದ್ದವು. ಅದಕ್ಕಾಗಿ ನಿಮಗೆ ಕೈಮುಗಿದು ಈ ಪತ್ರ ಶುರುಮಾಡುತ್ತೇನೆ.

ಮೆಚ್ಚುಗೆ ಹೇಳುವುದಷ್ಟೇ ಆಗಿದ್ದರೆ ಇಷ್ಟುದ್ದ ಬರೆಯಬೇಕಿರಲಿಲ್ಲ. ನನ್ನ ಮನಸ್ಸಿನಲ್ಲಿರುವ ಮಾತು ಇದು: ಹೋರಿಗೆ ಸಿಕ್ಕಿರುವ ಮರ್ಯಾದೆ ಅದನ್ನು ಹೆತ್ತ ಹಸುವಿಗೆ ಸಿಗದಿದ್ದರೆ, ನಾಳೆ ಈ ಮಾಳಕ್ಕೆ ಹೊಡೆದುಕೊಂಡು ಬರಲು ಕರುಗಳೇ ಇರುವುದಿಲ್ಲ. ನೀವು ಉಳಿಸಿದ ಜಾತ್ರೆಯ ಬುಡ ಇರುವುದು ನಾಗಮಂಗಲದ ಬೆದ್ದಲಿನ ಯಾವುದೋ ಕೊಟ್ಟಿಗೆಯಲ್ಲಿ, ಮಧ್ಯವಯಸ್ಸು ದಾಟಿದ ಒಬ್ಬ ಹೆಂಗಸು ಹುಲ್ಲು ಹಾಕಿ ಸಾಕುತ್ತಿರುವ ಒಂದು ಹಳ್ಳಿಕಾರ್ ಹಸುವಿನಲ್ಲಿ. ಅಂಥ ಹಸುಗಳು ದಿನೇದಿನೇ ಕಡಿಮೆಯಾಗುತ್ತಿವೆ.

ನಮ್ಮ ಜಾತ್ರೆಗಳನ್ನು ನಮ್ಮ ಹಿಂದಿನವರು ಎಷ್ಟು ಲೆಕ್ಕ ಹಾಕಿ ಹೊಂದಿಸಿದ್ದರು ನೋಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಕಾವೇರಿ ದಂಡೆಯ ಚುಂಚನಕಟ್ಟೆ. ಅದಾದ ಮೇಲೆ ರಥಸಪ್ತಮಿಯ ಹೊತ್ತಿಗೆ ಹೇಮಾವತಿ ದಂಡೆಯ ಹೇಮಗಿರಿ, ಕಲ್ಯಾಣ ವೆಂಕಟರಮಣಸ್ವಾಮಿಯ ತೇರು. ಅಲ್ಲಿಂದ ಮೂರು ವಾರ ಕಳೆದರೆ ಶಿವರಾತ್ರಿ, ಬೇಬಿಬೆಟ್ಟ. ಒಂದರಲ್ಲಿ ಮಾರಾಟವಾಗದ ಜೊತೆ ಇನ್ನೊಂದಕ್ಕೆ ನಡೆಯುತ್ತಿತ್ತು. ಸುಗ್ಗಿ ಮುಗಿದು ರಾಗಿಹುಲ್ಲು ಮೆದೆಗೆ ಬಿದ್ದಿರುತ್ತದೆ, ಕಣ ಖಾಲಿಯಾಗಿ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಮುಂಗಾರಿನ ಉಳುಮೆಗೆ ಇನ್ನೂ ಎರಡು ಮೂರು ತಿಂಗಳಿರುತ್ತದೆ. ಕೊಂಡ ಹೋರಿಯನ್ನು ನೊಗಕ್ಕೆ ಪಳಗಿಸಲು ಬೇಕಾದಷ್ಟು ಬಿಡುವು. ದೇವರ ತೇರಿಗೂ ರೈತನ ಕಾಲಮಾನಕ್ಕೂ ಇಷ್ಟು ಚೆನ್ನಾಗಿ ಗಂಟು ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೇಮಗಿರಿಯ ಪಕ್ಕದ ಬಂಡಿಹೊಳೆಯ ಹೆಸರನ್ನು ಕೆ.ಆರ್. ಪೇಟೆಯ ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಆ ಊರಿನ ಅರ್ಚಕ ಬಿ. ರಂಗಸ್ವಾಮಿಯವರು 1933ರಲ್ಲೇ ತಾವು ಹುಟ್ಟಿದ ಹಳ್ಳಿಯ ಬದುಕನ್ನೂ ಹಾಡುಗಳನ್ನೂ ಪುಸ್ತಕ ಮಾಡಿದವರು. ಕನ್ನಡದ ಜಾನಪದ ಸಂಗ್ರಹದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಹಳ್ಳಿಯಲ್ಲಿರುವುದನ್ನು ಬರೆದಿಡಬೇಕು ಎಂದು ಒಬ್ಬ ಅರ್ಚಕರಿಗೆ ಆಗಲೇ ತೋಚಿತ್ತು. ಬರೆದಿಡುವ ವಿಷಯಕ್ಕೆ ಮುಂದೆ ಬರುತ್ತೇನೆ.

ಶ್ರೀರಂಗಪಟ್ಟಣದವರಿಗೆ ಒಂದು ಮಾತು. ಹಳೇ ಮೈಸೂರಿನ ದನದ ಚರಿತ್ರೆಯ ಮೊದಲ ಪುಟಗಳು ನಿಮ್ಮ ಊರಿನವು. ವಿಜಯನಗರದ ಪ್ರತಿನಿಧಿಗಳು ಅಲ್ಲಿ ಇಟ್ಟುಕೊಂಡಿದ್ದ ಹಸುಗಳು, 1610ರಲ್ಲಿ ಪಟ್ಟಣ ಹಿಡಿದ ರಾಜ ಒಡೆಯರ ಕೈಗೆ ಬಂದವು. ಆಮೇಲಿನ ಒಡೆಯರು ಮಂದೆ ಬೆಳೆಸಿದರು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅದು ಬೆಣ್ಣೆ ಚಾವಡಿ ಎಂಬ ಇಲಾಖೆಯೇ ಆಯಿತು, ಮೇಯಲು ಸೀಮೆಯ ಉದ್ದಕ್ಕೂ ಕಾವಲುಗಳನ್ನು ಬಿಟ್ಟರು. ಹೈದರ್ ಅದನ್ನು ಇನ್ನಷ್ಟು ಹಿಗ್ಗಿಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ದನ ಸಾಕುವ ಕ್ರಮಕ್ಕೆ ಹುಕುಂನಾಮೆಯನ್ನೇ ಹೊರಡಿಸಿದ. ಚಿದಂಬರದ ನೆರವಿಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್‌ನಲ್ಲಿದೆ. ಫಿರಂಗಿ ಎಳೆದ ಎತ್ತುಗಳ ವಿಷಯ ಎಲ್ಲರೂ ಹೇಳುತ್ತಾರೆ. ಆ ಎತ್ತುಗಳು ಬಂದದ್ದು ಹಸು ಸಾಕಿ ಅರಮನೆಗೆ ಹಾಲು ಬೆಣ್ಣೆ ಕಳಿಸುತ್ತಿದ್ದ ಒಂದು ಚಾವಡಿಯಿಂದ ಎನ್ನುವುದನ್ನು ಹೇಳುವವರು ಕಡಿಮೆ.

1799ರಲ್ಲಿ ಪಟ್ಟಣ ಬಿದ್ದ ಮೇಲೆ ಮಂದೆ ಇಂಗ್ಲಿಷರ ಕೈಗೆ ಹೋಯಿತು. ಖರ್ಚು ಉಳಿಸುವ ನೆಪದಲ್ಲಿ 1860ರಲ್ಲಿ ಇಡೀ ಇಲಾಖೆಯನ್ನು ಎತ್ತಿಹಾಕಿ ದನಗಳನ್ನು ಮಾರಿದರು. ಒಳ್ಳೊಳ್ಳೆಯವನ್ನು ಈಜಿಪ್ಟಿನ ಪಾಷಾ ಕೊಂಡನಂತೆ. ಕೆಲವೇ ವರ್ಷದಲ್ಲಿ ಸೈನ್ಯಕ್ಕೆ ಎತ್ತು ಸಿಗದೆ ಪರದಾಟವಾಗಿ, 1866ರಲ್ಲಿ ಮತ್ತೆ ಮಂದೆ ಕಟ್ಟಲು ಹೊರಟರು. ಹಾಗೆ ಮತ್ತೆ ಕಟ್ಟಲು ಹೊರಟವರಿಗೆ ನಾಡಿನಲ್ಲಿ ಇನ್ನೂ ಹಸುಗಳು ಸಿಕ್ಕವು. ಈಗ ನಮ್ಮ ಕೊಟ್ಟಿಗೆಗಳು ಖಾಲಿಯಾದರೆ ಎಲ್ಲಿಂದ ತರುವುದು? ಅಮೃತಮಹಲ್‌ಗೂ ಮೂಲ ಎಂದು ಪಶುತಜ್ಞರು ಗುರುತಿಸಿರುವ ಹಳ್ಳಿಕಾರ್ ತಳಿ ಇವತ್ತಿಗೂ ಉಳಿದಿರುವುದು ರೈತರ ಮನೆಗಳಲ್ಲಿ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಚಿತ್ರದ ಅಂಚೆಚೀಟಿ ತಂದಿತು. ಸಂತೋಷ. ತಳಿಯನ್ನು ಕಾಯುವ ಕೆಲಸ ಮಾತ್ರ ಕೊಟ್ಟಿಗೆಯಲ್ಲೇ ಆಗಬೇಕು.

ನಿಮ್ಮ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ನೆಲ ಒಂದೇ ಅಲ್ಲ. ನಾಗಮಂಗಲ, ಕೆ.ಆರ್. ಪೇಟೆಯ ಮೇಲುಭಾಗ ಒಣಬೇಸಾಯದ್ದು: ರಾಗಿ, ಹುರುಳಿ, ಅವರೆ, ತೆಂಗು, ಮೇಯಲು ಗೋಮಾಳ. ಶ್ರೀರಂಗಪಟ್ಟಣ, ಪಾಂಡವಪುರ ಕಡೆ ನಾಲೆಯ ನೀರು, ಭತ್ತ, ಕಬ್ಬು. ಹಸು ಸಾಕಿ ಕರು ಹುಟ್ಟಿಸುತ್ತಿದ್ದವರು ಹೆಚ್ಚಾಗಿ ಒಣಸೀಮೆಯವರು. ಆ ಕರುವನ್ನು ಕೊಂಡು, ಸರಿಜೋಡಿ ಹುಡುಕಿ, ಮೇಯಿಸಿ, ನೊಗಕ್ಕೆ ಕಲಿಸಿ ಮುಂದಿನ ವರ್ಷ ಲಾಭಕ್ಕೆ ಮಾರುತ್ತಿದ್ದವರು ಇನ್ನೊಬ್ಬರು. ಕಡೆಗೆ ಅದನ್ನು ಕೊಂಡು ದುಡಿಸುತ್ತಿದ್ದವರು ನೀರಾವರಿಯವರು. ಒಂದು ಹೋರಿ ಬಾಯಿಗೂಡುವಷ್ಟರಲ್ಲಿ ಮೂರು ನಾಲ್ಕು ಕೈ ದಾಟುತ್ತಿತ್ತು, ಒಂದೊಂದು ಕೈಗೂ ಒಂದಿಷ್ಟು ಕಾಸು ಉಳಿಯುತ್ತಿತ್ತು. ಕೈ ಬದಲಾಗುತ್ತಿದ್ದ ಜಾಗವೇ ಜಾತ್ರೆ. ಕನ್ನಂಬಾಡಿ ಕಟ್ಟೆ ಮುಗಿದು, ನಾಲೆ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, ಆಮೇಲೆ ಪಾಂಡವಪುರದ ಸಹಕಾರಿ ಕಾರ್ಖಾನೆ ಬಂದಾಗ ಈ ವ್ಯಾಪಾರಕ್ಕೆ ರೆಕ್ಕೆ ಬಂತು. ಕಾರ್ಖಾನೆ ಮುಂದೆ ರಾತ್ರಿಯಿಡೀ ಸಾಲು ನಿಲ್ಲುತ್ತಿದ್ದ ಕಬ್ಬಿನ ಗಾಡಿಗಳ ಬಗ್ಗೆ ನಿಮ್ಮ ಅಪ್ಪಂದಿರನ್ನು ಕೇಳಿ, ಹೇಳುತ್ತಾರೆ. ಆ ಗಾಡಿಗಳನ್ನು ಎಳೆದದ್ದು ಒಣಸೀಮೆಯ ಹಸುಗಳ ಮಕ್ಕಳು.

ಗಾಡಿಯ ಜಾಗಕ್ಕೆ ಟ್ರ್ಯಾಕ್ಟರ್ ಟ್ರೇಲರ್ ಬಂದ ಮೇಲೆ ಆ ಸರಪಣಿ ಕಳಚಿತು. ಎತ್ತು ಕೇಳುವವರು ಕಡಿಮೆಯಾದರು. ಹೋರಿಕರುವಿಗೆ ಬೆಲೆ ಬಿತ್ತು. ಕರುವಿಗೆ ಬೆಲೆಯಿಲ್ಲದ ಮೇಲೆ ಒಂದೆರಡು ಲೀಟರ್ ಹಾಲಿನ ಹಳ್ಳಿಕಾರ್ ಹಸು ಯಾತಕ್ಕೆ? ಡೇರಿಯಲ್ಲಿ ದುಡ್ಡು ಲೀಟರ್ ಲೆಕ್ಕದಲ್ಲಿ, ಸರ್ಕಾರದ ಪ್ರೋತ್ಸಾಹಧನವೂ ಲೀಟರ್ ಲೆಕ್ಕದಲ್ಲಿ. ಮಕ್ಕಳ ಫೀಸು ಕಟ್ಟಬೇಕಾದ ತಾಯಿ ಎಚ್‌ಎಫ್ ಕಟ್ಟಿದಳು. ಅದರಲ್ಲಿ ತಪ್ಪು ಹುಡುಕುವ ಯೋಗ್ಯತೆ ನಮ್ಮ ಯಾರಿಗೂ ಇಲ್ಲ. ಅವಳ ಕಷ್ಟಕ್ಕೆ ಆಗಿಬಂದದ್ದು ಆ ಹಸು.

ಈಗ ಜಾತ್ರೆ ಮತ್ತೆ ಎದ್ದಿದೆ. ಬಹುಮಾನಗಳನ್ನು ನೋಡಿ: ಹಾಲುಹಲ್ಲಿನ ಜೋಡಿ, ಎರಡು ಹಲ್ಲಿನ ಜೋಡಿ, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ ಜೋಡಿ. ಎರಡು ಹಲ್ಲು ಬೀಳುವ ಹೊತ್ತಿಗೆ ಎರಡು ವರ್ಷ ದಾಟಿರುತ್ತದೆ, ಬಾಯಿಗೂಡಲು ನಾಲ್ಕೂವರೆ ಐದು ವರ್ಷ ಬೇಕು, ಅಷ್ಟು ದಿನ ಸಾಕಿದವರ ಶ್ರಮಕ್ಕೆ ಬಹುಮಾನ ಸಲ್ಲಬೇಕು, ತಕರಾರಿಲ್ಲ. ಆದರೆ ಮೆರವಣಿಗೆಯಲ್ಲೂ, ಫೋಟೋದಲ್ಲೂ, ಮೊಬೈಲಿನ ರೀಲ್ಸ್‌ನಲ್ಲೂ ಹೋರಿಗಳದ್ದೇ ಮೇಲುಗೈ. ಇಂಥವರ ಜೋಡಿ ಇಷ್ಟು ಲಕ್ಷಕ್ಕೆ ಹೋಯಿತಂತೆ ಎಂಬ ಸುದ್ದಿ ನಾಲ್ಕು ತಾಲ್ಲೂಕು ಸುತ್ತುತ್ತದೆ. ಆ ಜೋಡಿಯ ತಾಯಿಹಸುಗಳು ಯಾವ ಊರಿನವು, ಯಾರ ಮನೆಯವು, ಕರು ಮಾರಿದಾಗ ಆ ಮನೆಯವರಿಗೆ ಸಿಕ್ಕಿದ್ದೆಷ್ಟು ಎಂದು ಒಬ್ಬರೂ ಕೇಳುವುದಿಲ್ಲ. ಎತ್ತಿನಗಾಡಿ ಓಟಕ್ಕೆ ರಾಜ್ಯ 2017ರಲ್ಲಿ ಮಾಡಿದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ನಿಮ್ಮಲ್ಲಿ ಬಹಳ ಜನ ಅಂದು ಪಟಾಕಿ ಹೊಡೆದಿರಿ. ಓಟದಿಂದ ಹೋರಿಗೆ ಗಿರಾಕಿ ಬಂತು, ಹಸುವಿಗೆ ಇನ್ನೂ ಬಂದಿಲ್ಲ.

ರಾಜಸ್ಥಾನದ ಪುಷ್ಕರ್ ಜಾತ್ರೆಯನ್ನು ನೋಡಿ ನನಗೆ ಭಯವಾಗುತ್ತದೆ. ಲೋಕಪ್ರಸಿದ್ಧ ಒಂಟೆ ಜಾತ್ರೆ ಅದು. ದೇಶವಿದೇಶದ ಪ್ರವಾಸಿಗರು ಕ್ಯಾಮೆರಾ ಹಿಡಿದು ಬರುತ್ತಾರೆ, ಹೋಟೆಲುಗಳು ತುಂಬುತ್ತವೆ. ಒಂಟೆಗಳು ಮಾತ್ರ ವರ್ಷವರ್ಷಕ್ಕೆ ಇಳಿದವು. ಒಂಟೆಗೆ ಕೆಲಸ ಹೋಯಿತು. ಒಂಟೆಯನ್ನು ಕಾಪಾಡಲೆಂದೇ 2015ರಲ್ಲಿ ಬಂದ ಕಾನೂನು ಹೊರರಾಜ್ಯಕ್ಕೆ ಸಾಗಿಸುವುದನ್ನು ಬಿಗಿ ಮಾಡಿತು, ಕೊಳ್ಳುವವರು ದೂರವಾದರು, ಬೆಲೆ ಕುಸಿಯಿತು, ಸಾಕುವವರು ಬೇಸತ್ತು ಬಿಟ್ಟರು. ನಮ್ಮಲ್ಲೂ 2021ರಲ್ಲಿ ಜಾರಿಯಾದ ಗೋಹತ್ಯೆ ತಡೆ ಕಾಯಿದೆಯ ನಂತರ ದನ ಸಾಗಿಸಲು ಕಾಗದಪತ್ರ ಬೇಕು. ಉಳುಮೆಗೆಂದು ಕೊಂಡ ಜೊತೆಯನ್ನು ಲಾರಿಗೆ ಹತ್ತಿಸಿಕೊಂಡು ಹೋಗುವ ಬಡರೈತ ದಾರಿಯಲ್ಲಿ ನಿಂತು ಅಂಗಲಾಚಬಾರದು. ಪಶುವೈದ್ಯ ಇಲಾಖೆಯವರು ಮಾಳದಲ್ಲೇ ಮೇಜು ಹಾಕಿಕೊಂಡು ಕೂತು, ವ್ಯಾಪಾರ ಕುದುರಿದ ಜಾಗದಲ್ಲೇ ಪ್ರಮಾಣಪತ್ರ ಕೊಡುವಂತೆ ನೀವು ಪಟ್ಟು ಹಿಡಿಯಬೇಕು. ಜಾತ್ರೆಗೆ ಬರುವ ಮಂತ್ರಿಗಳನ್ನು ಶಾಲು ಹೊದಿಸಿ ಕಳಿಸುವ ಬದಲು ಇದೊಂದನ್ನು ಕೇಳಿ ಸಾಧಿಸಿಕೊಳ್ಳಿ.

ವ್ಯಾಪಾರದ ಬಗ್ಗೆ ಇನ್ನೊಂದಿಷ್ಟು ಹೇಳಬೇಕು, ಏಕೆಂದರೆ ಜಾತ್ರೆಯ ಜೀವ ಅಲ್ಲಿದೆ. ಹಲ್ಲು ಬಿಡಿಸಿ ನೋಡುವುದು, ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ಗೊರಸು ಊರುವ ಬಗೆ ನೋಡುವುದು, ಗಂಗೆದೊಗಲು ತೆಳುವೋ ದಪ್ಪವೋ ಎಂದು ಮುಟ್ಟುವುದು, ಆಮೇಲೆ ಟವೆಲ್ ಕೆಳಗೆ ಕೈ ಹಾಕಿ ಬೆರಳು ಹಿಡಿದು ಬೆಲೆ ಹೇಳುವುದು. ಸುತ್ತ ಹತ್ತು ಜನ ನಿಂತಿದ್ದರೂ ಮಾರುವವನ ಮಾನ, ಕೊಳ್ಳುವವನ ಮಾನ ಎರಡೂ ಆ ಬಟ್ಟೆಯ ಕೆಳಗೆ ಉಳಿಯುತ್ತಿತ್ತು. ದಲ್ಲಾಳಿಗಳನ್ನು ಓಡಿಸಿ ಎಂದು ಕೆಲವರು ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಯಾವ ಊರಿನ ಯಾವ ಮನೆಯಲ್ಲಿ ಎಂಥ ಹಸು ಇದೆ, ಅದರ ಹಿಂದಿನ ಕರು ಹೇಗಿತ್ತು, ಈಗ ಯಾರ ನೊಗದಲ್ಲಿದೆ ಎಂಬುದೆಲ್ಲ ಹಳೇ ದಲ್ಲಾಳಿಗಳ ತಲೆಯಲ್ಲಿದೆ. ಅವರ ಕಮಿಷನ್ ಎಷ್ಟೆಂದು ಬೋರ್ಡು ಬರೆದು ನಿಲ್ಲಿಸಿ, ಯಾರಿಗೂ ಮೋಸವಾಗದು. ಅವರ ಪಕ್ಕದಲ್ಲಿ ಕೂತು ಅವರಿಗೆ ಗೊತ್ತಿರುವುದನ್ನು ಬರೆದುಕೊಳ್ಳಿ. ಬಂಡಿಹೊಳೆಯ ಅರ್ಚಕರನ್ನು ನೆನೆಸಿದ್ದು ಇದಕ್ಕೇ.

ಈಗ ದನಕ್ಕೆಲ್ಲ ಕಿವಿಯೋಲೆ ಹಾಕುತ್ತಾರೆ, ಹನ್ನೆರಡು ಅಂಕಿಯ ನಂಬರು. ಅದು ಲಸಿಕೆಗೆ, ವಿಮೆಗೆ ಎಂದಷ್ಟೇ ತಿಳಿದಿದ್ದೇವೆ. ಕರುವಿನ ನಂಬರಿನ ಎದುರಿಗೆ ತಾಯಿಯ ನಂಬರು, ತಂದೆ ಹೋರಿಯ ಹೆಸರು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ನಮ್ಮ ತಳಿಯ ವಂಶಾವಳಿ ನಮ್ಮ ಕೈಯಲ್ಲೇ ಇರುತ್ತದೆ. ಇದು ಬರೀ ಹೆಮ್ಮೆಯ ವಿಷಯವಲ್ಲ. ಹಿಂದೆ ದೇವರಿಗೆ ಬಿಟ್ಟ ಬಸವ ಊರೂರು ಸುತ್ತುತ್ತಿತ್ತು. ಈಗ ಒಳ್ಳೆಯ ಬೀಜದ ಹೋರಿ ಇರುವುದು ಬೆರಳೆಣಿಕೆಯ ಮನೆಗಳಲ್ಲಿ. ಹೆಸರುವಾಸಿಯಾದ ಒಂದೇ ಹೋರಿಗೆ ಸುತ್ತಲಿನ ಹಸುಗಳನ್ನೆಲ್ಲ ಹೊಡೆದುಕೊಂಡು ಹೋಗುತ್ತೀರಿ. ನಾಲ್ಕು ತಲೆಮಾರು ಹಾಗೇ ನಡೆದರೆ ಅಣ್ಣತಂಗಿಯರ ರಕ್ತವೇ ಸುತ್ತಿ ಸುತ್ತಿ ಬಂದು ಕರುಗಳು ಸೊರಗುತ್ತವೆ. ನಾಗಮಂಗಲದ ಹೋರಿ ಎರಡು ವರ್ಷ ಪಾಂಡವಪುರದಲ್ಲಿರಲಿ, ಪಾಂಡವಪುರದ್ದು ಕೆ.ಆರ್. ಪೇಟೆಗೆ ಹೋಗಲಿ. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಸರ್ಕಾರದ್ದೇ ಹಳ್ಳಿಕಾರ್ ತಳಿ ಸಂವರ್ಧನಾ ಕೇಂದ್ರವಿದೆ. ನಾಗಮಂಗಲದಿಂದ ದೂರವೇನಲ್ಲ, ಹೋಗಿ ನೋಡಿ ಬನ್ನಿ, ಅಲ್ಲಿಯವರನ್ನು ಜಾತ್ರೆಗೆ ಕರೆಯಿರಿ.

ರೋಗದ ವಿಷಯದಲ್ಲಿ ಸಲುಗೆ ಬೇಡ. 2013ರ ಕಾಲುಬಾಯಿ ಜ್ವರದಲ್ಲಿ ಎಷ್ಟೊಂದು ಮನೆಗಳ ಕೊಟ್ಟಿಗೆ ಖಾಲಿಯಾದವು. 2022ರ ಕೊನೆಯಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ದನದ ಸಂತೆ ಜಾತ್ರೆಗಳಿಗೇ ತಡೆ ಬಿತ್ತು. ದನ ಸೇರುವ ಕಡೆ ರೋಗವೂ ಸೇರುತ್ತದೆ. ಲಸಿಕೆ ಹಾಕಿಸಿ ಮೂರು ನಾಲ್ಕು ವಾರವಾದರೂ ಆಗದ ದನವನ್ನು ಮಾಳಕ್ಕೆ ಬಿಡುವುದಿಲ್ಲ ಎಂದು ನೀವೇ ಕಟ್ಟುನಿಟ್ಟು ಮಾಡಿ. ನೆಂಟರದಾದರೂ ಸರಿ, ವಾಪಸ್ ಕಳಿಸಿ.

ನೆಲದ ಬಗ್ಗೆಯೂ ಎಚ್ಚರ ಇರಲಿ. ಬೇಬಿಬೆಟ್ಟದ ಹೆಸರು ಈಚಿನ ವರ್ಷಗಳಲ್ಲಿ ಜಾತ್ರೆಗಿಂತ ಕಲ್ಲುಗಣಿಗಳಿಂದ ಹೆಚ್ಚು ಕೇಳಿಬಂತು. ಕನ್ನಂಬಾಡಿ ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ, ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಗಣಿಗಾರಿಕೆ ಕೂಡದೆಂದು ಹೈಕೋರ್ಟ್ 2024ರ ಜನವರಿಯಲ್ಲಿ ತಡೆ ಹಾಕಿತು. ಅದು ಕಟ್ಟೆಯ ದೃಷ್ಟಿಯಿಂದ ಬಂದ ಆದೇಶ. ದನ ಕಟ್ಟುವ ಮಾಳ, ನೀರು ಕುಡಿಸುವ ಕಟ್ಟೆ, ಮೇಯುವ ಕಾವಲು ಯಾರ ದೃಷ್ಟಿಗೂ ಬೀಳದೆ ಕರಗಿಹೋಗಬಾರದು. ಹೇಮಗಿರಿಯಲ್ಲಿ ಹೊಳೆದಂಡೆಗೆ ದನ ಇಳಿಯುವ ದಾರಿಯೂ ಅಷ್ಟೇ ಮುಖ್ಯ. ಗ್ರಾಮಸಭೆಗಳಲ್ಲಿ ಇವನ್ನು ಹೆಸರು ಹಿಡಿದು ನಡಾವಳಿಗೆ ಬರೆಸಿ.

ಇನ್ನು ನನ್ನ ಬೇಡಿಕೆ. ಬರುವ ಹೇಮಗಿರಿ ಮತ್ತು ಬೇಬಿಬೆಟ್ಟದ ಜಾತ್ರೆಗಳಲ್ಲಿ ದೇವಸ್ಥಾನಕ್ಕೆ ಹತ್ತಿರದ, ನೆರಳಿರುವ, ನೀರಿಗೆ ಸಮೀಪದ ಮೊದಲ ಸಾಲನ್ನು ಕರು ಹಾಕಿದ ಹಳ್ಳಿಕಾರ್ ಹಸುಗಳಿಗೆ ಬಿಡಿ. ದೊಡ್ಡ ಪೆಂಡಾಲು, ಸೀರಿಯಲ್ ಲೈಟು ಹಾಕಿದ ಜೋಡಿಗಳು ಅದರ ಹಿಂದೆ ನಿಲ್ಲಲಿ. ಅತಿ ಹೆಚ್ಚು ಕರು ಕೊಟ್ಟ ಹಸುವಿಗೆ ಜಾತ್ರೆಯ ಮೊದಲ ಬಹುಮಾನ ಇಡಿ. ಚಿನ್ನ ಬೇಡ, ಒಂದು ವರ್ಷಕ್ಕೆ ಆಗುವಷ್ಟು ರಾಗಿಹುಲ್ಲು, ಹಿಂಡಿ, ಬೂಸ ಆ ಮನೆ ಬಾಗಿಲಿಗೆ ಮುಟ್ಟಲಿ. ಬಹುಮಾನವನ್ನು ಸಗಣಿ ಬಾಚಿ ಹುಲ್ಲು ಹಾಕಿದ ಹೆಂಗಸಿನ ಹೆಸರಿಗೆ ಕೂಗಿ. ದನದ ಜಾತ್ರೆ ಎಂದರೆ ಗಂಡಸರದ್ದು ಎನ್ನುವಂತಾಗಿದೆ. ಹಸು ಮಾಳಕ್ಕೆ ಬಂದರೆ ಅವಳೂ ಬರುತ್ತಾಳೆ, ಬೆಲೆಯ ಮಾತಿನಲ್ಲಿ ಅವಳದ್ದೂ ಒಂದು ಮಾತು ಇರುತ್ತದೆ. ಹಳ್ಳಿಕಾರ್ ಸಾಕುವ ತಂಗಿಯರು ನಿಮ್ಮಲ್ಲೇ ಇದ್ದಾರಲ್ಲ, ಹಸುಗಳನ್ನು ಆರಿಸುವ ತೀರ್ಪುಗಾರರಾಗಿ ಅವರನ್ನು ಕೂರಿಸಿ.

ಜಾತ್ರೆಯ ಮೊದಲ ದಿನವನ್ನು ಬರೀ ಕರುಗಳ ವ್ಯಾಪಾರಕ್ಕೆ ಮೀಸಲಿಡಿ. ಲಕ್ಷದ ಜೋಡಿಗಳ ಗದ್ದಲದಲ್ಲಿ ಒಂಟಿ ಕರು ಹಿಡಿದು ನಿಂತವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅವನಿಗೆ ಸರಿಯಾದ ಬೆಲೆ ಸಿಕ್ಕರೆ ಮಾತ್ರ ಹಸುವನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾನೆ. ಕೊಳ್ಳುವವರೂ ಇಲ್ಲದಿಲ್ಲ. ರಾಗಿ ಸಾಲಿನಲ್ಲಿ ಎಡೆಕುಂಟೆ ಹೊಡೆಯಲು, ಟ್ರ್ಯಾಕ್ಟರ್ ತಿರುಗದ ತುಂಡುಹೊಲ ಉಳಲು, ತೆಂಗಿನ ತೋಟಕ್ಕೆ ಗೊಬ್ಬರ ಸಾಗಿಸಲು ಸಾಧಾರಣ ಬೆಲೆಯ ಗಟ್ಟಿ ಜೊತೆ ಹುಡುಕುವ ರೈತರು ಇದ್ದಾರೆ. ನೈಸರ್ಗಿಕ ಕೃಷಿಗೆ ಇಳಿದವರು ಜೀವಾಮೃತಕ್ಕೆಂದು ನಾಟಿ ಹಸು ಹುಡುಕುತ್ತಾರೆ. ಸುದ್ದಿಯಾಗುವ ಬೆಲೆಗಳನ್ನು ಕೇಳಿಯೇ ಅವರು ಜಾತ್ರೆ ನಮಗಲ್ಲ ಎಂದು ದೂರ ಉಳಿದಿದ್ದಾರೆ. ದಿನದ ಕೊನೆಗೆ ದೊಡ್ಡ ಬೆಲೆಗಳ ಜೊತೆಗೆ ಸಾಧಾರಣ ಜೋಡಿ, ಕರು, ಹಸು ಎಷ್ಟೆಷ್ಟಕ್ಕೆ ಹೋದವು ಎಂಬುದನ್ನೂ ಮೈಕಿನಲ್ಲಿ ಹೇಳಿ, ನಿಮ್ಮ ಮೊಬೈಲಿನಲ್ಲೂ ಹಾಕಿ. ರೀಲ್ಸ್ ನೋಡಿ ಜಾತ್ರೆಗೆ ಬಂದವರು ನೀವು. ಅದರ ಶಕ್ತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮೊದಲ ವರ್ಷ ತಾಲ್ಲೂಕಿಗೆ ಹತ್ತು ಹಸು ಬಂದರೂ ಸಾಕು. ರಾಗಿ ತೆನೆಗಟ್ಟುವ ಕಾಲದಲ್ಲೇ, ಕಾರ್ತಿಕದ ಒಳಗೆ ನಾಲ್ಕೂ ತಾಲ್ಲೂಕಿನವರು ಒಂದು ಭಾನುವಾರ ಕೂತು ಊರೂರಿನ ಹಳ್ಳಿಕಾರ್ ಹಸುಗಳ ಪಟ್ಟಿ ಮಾಡಿ. ಪಟ್ಟಿ ಹಿಡಿದು ಆ ಮನೆಗಳಿಗೆ ನೀವೇ ಹೋಗಿ ಕರೆಯಿರಿ, ಕರಪತ್ರ ಅಂಟಿಸಿ ಸುಮ್ಮನಾಗಬೇಡಿ. ಎಳೆಗರು ನಡೆದು ಬರಲಾರದು, ಬಾಣಂತಿ ಹಸುವನ್ನು ಅಷ್ಟು ದೂರ ನಡೆಸಲೂಬಾರದು. ನಾಗಮಂಗಲದ ಕಡೆಯಿಂದ ಗೂಡ್ಸ್ ಗಾಡಿಯಲ್ಲಿ ತರುವ ಬಾಡಿಗೆ ಆ ತಾಯಿಯ ತಲೆಮೇಲೆ ಬೀಳದಂತೆ ಹೋರಿ ಕಟ್ಟುವವರೆಲ್ಲ ಸೇರಿ ಹಂಚಿಕೊಳ್ಳಿ. ಹಂಚಿಕೆಯಲ್ಲಿ ನನ್ನದೂ ಒಂದು ಪಾಲು ಇದೆ, ಭಾನುವಾರ ಯಾವುದೆಂದು ತಿಳಿಸಿ.

ಇಂತಿ ನಿಮ್ಮ ಸೀಮೆಯವನೇ ಆದ
ಒಬ್ಬ ರೈತ